ಬನ್ನಿಗಿಡದ ಬುಡ

"ಎಲ್ಲೆಲ್ಲಿ ಗೂಟ ಬಡೀಲ್ರಿ ಅಕ್ಕಾರ?" ಹೊಲವನ್ನು ಗೇಣಿಗೆ ಹಿಡಿದ ಪುಂಡಲೀಕ ಬನ್ನಿಗಿಡದ ಕೆಳಗೆ ನಿಂತು ಕೇಳಿದ. ಅಮೃತಾ ಬಗ್ಗಿ, ಒಂದು ಮಾರಿನಷ್ಟು ನೆಲವನ್ನು ಕೈಯಿಂದ ಸವರಿ ತೋರಿಸಿದಳು. "ಇಷ್ಟಕ್ಕ ಬೇಲಿ ಹಾಕಪಾ. ನಾವು ತಿರುಗಿ ಬರೂತನಕಾ ನನ್ನ ಕೂಸಿಗೆ ನೇಗಿಲಾ ತಾಗಬಾರ್ದು." ಗಂಡ ಗೌರೀಶನಿಗೆ ಪೋಲೆಂಡಿನಲ್ಲಿರುವ ಭಾರತದ ರಾಯಭಾರ ಕಚೇರಿಗೆ ವರ್ಗವಾಗಿತ್ತು. ನಾಡಿದ್ದು ವಿಮಾನ.

ಐದು ವರ್ಷದ ಹಿಂದೆ, ಹುಟ್ಟಿದ ಒಂಬತ್ತನೇ ದಿನಕ್ಕೆ ತೀರಿಕೊಂಡ ಮಗಳನ್ನು ಮಾವ ಒಬ್ಬರೇ ಎತ್ತಿಕೊಂಡು ಬಂದು ಈ ಹೊಲದಲ್ಲಿ ಮಣ್ಣು ಮಾಡಿದ್ದರು. ಬಾಣಂತಿಯನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಎಲ್ಲೆಂದು ಆಕೆಗೆ ಬಾಯಿ ಬಿಡದೆಯೇ ಮಾವನೂ ತೀರಿಕೊಂಡರು. ಆಮೇಲೆ, ಅಪ್ಪ ತನಗೆ ಹೇಳಿದ್ದರೆಂದು ಜಾಗ ತೋರಿಸಿದವನು ಗೌರೀಶ. ಅಂದಿನಿಂದ ಪ್ರತಿ ಸೋಮವಾರ ಆಕೆ ಇಲ್ಲಿ ಒಂದು ಬಟ್ಟಲು ಹಾಲು ಇಡುತ್ತಿದ್ದಳು.

ಪುಂಡಲೀಕ ಗೂಟ ಎತ್ತಿದ. "ಬ್ಯಾಡೋ, ಬಿಡು," ಎಂದ ಪಕ್ಕದಲ್ಲೇ ನಿಂತಿದ್ದ ಗೌರೀಶ, ಹೆಂಡತಿಯ ಮುಖ ನೋಡದೆ. "ಅಮೃತಾ, ಜಾಗಾ ನನಗೂ ಗೊತ್ತಿಲ್ಲ. ಆವತ್ತ ನಾ ದಿಲ್ಲಿಯೊಳಗಿದ್ದೆ. ನಿನ್ನ ಅಳು ನಿಲ್ಲಲಿ ಅಂತ ಇಲ್ಲೇ ಅಂದೆ. ಅಪ್ಪಗಷ್ಟ ಗೊತ್ತಿತ್ತು."

ಅಮೃತಾ ಎದ್ದಳು. ಎದುರಿಗೆ ಆರು ಎಕರೆ ಎರೆಮಣ್ಣು, ಐದು ವರ್ಷ ಹರಗಿ ಬಿತ್ತಿದ್ದು. ಮನೆಯ ಕಡೆ ಹೋಗಲೆಂದು ಎತ್ತಿದ ಕಾಲನ್ನು ಎಲ್ಲಿ ಊರಬೇಕೆಂದು ತಿಳಿಯದೆ ಹಾಗೇ ನಿಂತಳು.