ಸರ್ಕಾರಿ ಕಾರ್ಡಿನ ಸ್ಟೇಕ್

"ಸರ್ಕಾರಿ ಕಾರ್ಡು ಉಜ್ಜಿ ಸ್ಟೇಕ್ ಕೊಂಡಳಂತೆ ಮಹಾತಾಯಿ! ಅದೂ ನಿಮ್ಮ ತೆರಿಗೆ ದುಡ್ಡಲ್ಲಿ!"

ವಾಷಿಂಗ್ಟನ್ನಿನ ಸಂಸತ್ತಿನ ಚುನಾವಣೆಗೆ ನಿಂತಿದ್ದ ವೆಂಡೆಲ್ ಹೀಗಂದದ್ದೇ ತಡ, ಹೈಸ್ಕೂಲಿನ ಆಟದ ಹಾಲ್ ಗೊಳ್ಳೆಂದಿತು. ಮುಂದಿನ ಸಾಲಲ್ಲಿ ಕೂತಿದ್ದ ಆರ್ಲೀನ್ ಮಾತ್ರ ತಲೆ ಎತ್ತಲಿಲ್ಲ. ಆ ಮಹಾತಾಯಿ ಅವಳೇ.

ಕೆಂಟಕಿಯ ಈ ಬೆಟ್ಟಗಳಲ್ಲಿ, ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಆ ಕಾರ್ಡು ಇರುವವರು ಊರಿನ ಅಂಗಡಿಗೆ ಹೋಗುವುದಿಲ್ಲ. ಬೆಟ್ಟ ದಾಟಿ ಪಕ್ಕದ ಕೌಂಟಿಗೆ, ಅಂದರೆ ಪಕ್ಕದ ಜಿಲ್ಲೆಗೆ ಹೋಗುತ್ತಾರೆ. ಹಸಿವನ್ನಾದರೂ ತಡೆದಾರು, ಊರವರ ಕಣ್ಣನ್ನು ತಡೆಯಲಾರರು. ಸೊಂಟ ಕೈಕೊಟ್ಟು ಹೊಲಿಗೆ ಕಾರ್ಖಾನೆ ಬಿಟ್ಟ ಮೇಲೆ ಆರ್ಲೀನಳೂ ಕಾರ್ಡು ಪಡೆದಳು. ಒಂದು ನರಪಿಳ್ಳೆಗೂ ಹೇಳಲಿಲ್ಲ. ಒಂದು ಭಾನುವಾರ ಮನೆಗೆ ಊಟಕ್ಕೆ ಬರುವವರಿದ್ದರು, ಬರೀ ಬೀನ್ಸ್ ಬಡಿಸಲು ಮನಸ್ಸು ಬಾರದೆ ದನದ ಮಾಂಸದ ಆ ದುಬಾರಿ ಸ್ಟೇಕ್ ಕೊಂಡಳು. ಅಷ್ಟೇ ಅವಳು ಮಾಡಿದ ಪಾಪ.

ಅವಳ ಗ್ರಹಚಾರ, ಇವತ್ತಿನ ಸಭೆ ಅದೇ ಪಕ್ಕದ ಕೌಂಟಿಯಲ್ಲಿ. ಬರದೇ ಇರುವಂತಿರಲಿಲ್ಲ.

"ನನ್ನನ್ನ ಗೆಲ್ಲಿಸಿ. ಕಾರ್ಡಿನ ಮೇಲೆ ಫೋಟೋ ಹಾಕಿಸ್ತೀನಿ. ಮಾಂಸ, ಕೇಕು ಎಲ್ಲ ಬಂದ್. ದುಡಿಯದವರಿಗೆ ಕಾರ್ಡೇ ಇಲ್ಲ!" ವೆಂಡೆಲ್ ಗುಡುಗಿದ.

"ಮಾನ ಮರ್ಯಾದೆ ಇಲ್ಲದ ಹೆಂಗಸು, ಅಲ್ವೇನ್ರೀ?" ಪಕ್ಕದವಳು ಮೊಣಕೈ ತಿವಿದಳು.

"ಹೌದು," ಎಂದಳು ಆರ್ಲೀನ್. ತನ್ನನ್ನು ತಾನೇ ಬೈದುಕೊಂಡ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು.

"ಈ ಕಥೆ ನಂಗೆ ಹೇಳಿದವರೂ ಇಲ್ಲೇ ಇದ್ದಾರೆ. ಇದೇ ಊರಿನ ಅಂಗಡಿಯಲ್ಲಿ ಬಿಲ್ ಹಾಕೋ ಟ್ವೈಲಾ. ಎದ್ದು ನಿಲ್ರೀ! ಆ ಹೆಂಗಸು ಇಲ್ಲೇನಾದ್ರೂ ಬಂದಿದ್ದಾಳಾ?"

ಜನ ಕೇಕೆ ಹಾಕಿದರು. ಪಕ್ಕದ ಮೆಟ್ಟಿಲು ಸಾಲಿನಿಂದ ಎದ್ದ ಟ್ವೈಲಾ ಹಾಲಿನ ತುಂಬ ಕಣ್ಣಾಡಿಸಿದಳು. ಆ ಕಣ್ಣು ಆರ್ಲೀನಳ ಮೇಲೆ ಬಂದು ನಿಂತಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಆರ್ಲೀನಳಿಗೆ.

ಟ್ವೈಲಾಳ ಮುಖವೂ ಸಣ್ಣದಾಯಿತು. ತಮಾಷೆಗೆ ಆಡಿದ ಮಾತು ಹೀಗೆ ಸಭೆ ಸಭೆ ಸುತ್ತುತ್ತದೆಂದು ಪಾಪ, ಅವಳಿಗೇನು ಗೊತ್ತು!

"ಇಲ್ಲ ಸಾರ್. ಕಾಣ್ತಿಲ್ಲ," ಎಂದು ಕೂತುಬಿಟ್ಟಳು.

ಆರ್ಲೀನಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ವೆಂಡೆಲ್ ಮೈಕು ಹಿಡಿದು ವೇದಿಕೆಯಿಂದ ಇಳಿದ. ನೇರವಾಗಿ ಅವಳತ್ತಲೇ ಬಂದ. ಕೈ ಹಿಡಿದು ಎಬ್ಬಿಸಿ ಜನರ ಕಡೆ ತಿರುಗಿಸಿ ನಿಲ್ಲಿಸಿದ. ಗದ್ದಲ ಅಡಗಿತು. ಟ್ವೈಲಾ ಬಾಯಿಗೆ ಕೈ ಅಡ್ಡ ಹಿಡಿದಳು.

"ನನ್ನ ಹೆತ್ತು, ಒಬ್ಬಳೇ ದುಡಿದು ಸಾಕಿದವಳು ಇವಳು," ಎಂದು ವೆಂಡೆಲ್ ಮೈಕನ್ನು ಅವಳ ಬಾಯಿಗೆ ಹಿಡಿದ. "ಇವರಿಗೆಲ್ಲ ಹೇಳಮ್ಮ, ನಮ್ಮ ಮನೇಲಿ ಯಾರಾದ್ರೂ, ಯಾವತ್ತಾದ್ರೂ, ಸರ್ಕಾರದ ಮುಂದೆ ಕೈ ಒಡ್ಡಿದ್ದೀವಾ?"