ದಂತದ ಸಂತ

ಒಂದೊಂದು ವರ್ಷಕ್ಕೂ ಒಬ್ಬೊಬ್ಬ ಮನುಷ್ಯನ ಹೆಸರಿಡುತ್ತಿದ್ದ ಕಾಲವೊಂದಿತ್ತು. ಹಾಗೆ ಹೆಸರು ಕೊಟ್ಟವನನ್ನು ಕಾನ್ಸಲ್ ಎನ್ನುತ್ತಿದ್ದರು. ಆ ಖುಷಿಗೆ ಅವನು ಆನೆಯ ದಂತದಲ್ಲಿ ಪುಸ್ತಕದ ಹಾಗೆ ತೆರೆದು ಮುಚ್ಚುವ ಜೋಡಿ ಹಲಗೆ ಮಾಡಿಸಿ, ಹೊರಮೈಯಲ್ಲಿ ತನ್ನ ಚಿತ್ರ ಕೆತ್ತಿಸಿ, ಬೇಕಾದವರಿಗೆಲ್ಲ ಹಂಚುತ್ತಿದ್ದ. ವರ್ಷ ಮುಗಿಯುತ್ತಿತ್ತು, ಹೆಸರು ಮಾಸುತ್ತಿತ್ತು, ದಂತ ಮಾತ್ರ ಉಳಿಯುತ್ತಿತ್ತು. ಅಂಥದೊಂದು ಜೋಡಿ ಹಲಗೆ ಕಡಲ ದಂಡೆಯ ಹೆರಾಕ್ಲಿಯಾದ ಸಣ್ಣ ಇಗರ್ಜಿಗೆ ಕಾಣಿಕೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಎಂಬತ್ತು ದಾಟಿದ ಡೋಮ್ನಿಕಾ ಅದನ್ನು ಹುಡುಕಿಕೊಂಡು ರಾಜಧಾನಿಯಿಂದ ದೋಣಿಯಲ್ಲಿ ಬಂದಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ಪೂಜೆಗೆ ಇನ್ನೂ ಹೊತ್ತಿರುವಾಗ.

ಒಳಗೆ ತುಂಬು ಬಸುರಿಯೊಬ್ಬಳು ಹಲಗೆಯ ಮೇಲಿನ ಚಿತ್ರಕ್ಕೆ ತುಟಿಯೊತ್ತಿ ನಿಂತಿದ್ದಳು. ಆಂಥೂಸಾ ಅಂತ, ಬೆಸ್ತರ ಮನೆಯವಳು.

"ನೀನೂ ಮುತ್ತಿಡಜ್ಜಿ. ಸಂತ ಪಲ್ಮಾಟಿ! ಎತ್ತಿದ ಕೈಯಲ್ಲಿರೋದು ಮಗು ಸುತ್ತೋ ಬಟ್ಟೆ. ಅದಕ್ಕೆ ಮುತ್ತಿಟ್ರೆ ಹೆರಿಗೆ ಹೂವೆತ್ತಿದಷ್ಟು ಸಲೀಸು. ನಮ್ಮೂರಲ್ಲಿ ಪಲ್ಮಾಟಿ ಅಂತ ಕೂಗು ನೋಡು, ಏಳು ಹುಡುಗ್ರು ಓಡಿ ಬರ್ತಾರೆ."

"ಮತ್ತೆ ಕಾಲ ಕೆಳಗೆ ಈ ಕರಡಿಗಳು?"

"ಅವನ್ನ ಪಳಗಿಸಿದ್ದು ಅವನೇ ಅಲ್ವಾ! ಅಷ್ಟೂ ಗೊತ್ತಿಲ್ಲ, ರಾಜಧಾನಿಯವಳಂತೆ!" ಆಂಥೂಸಾ ನಗುತ್ತ, ಸೊಂಟ ಹಿಡಿದುಕೊಂಡು ಅಂಗಳದ ಬಿಸಿಲಿಗೆ ಹೋದಳು.

ಡೋಮ್ನಿಕಾಗೆ ಆ ಬಟ್ಟೆ ಗೊತ್ತಿತ್ತು. ಅದನ್ನು ಒಗೆದು ಮಡಿಸಿ ಕೊಟ್ಟವಳೇ ಅವಳು. ಕಾನ್ಸಲ್ ಆದ ವರ್ಷ ಪಲ್ಮಾಟಿಯಸ್ ಆಟದ ಬಯಲಿನಲ್ಲಿ ಕೈಯೆತ್ತಿ, ಆಟ ಶುರುವಾಗಲೆಂದು ಆ ಬಟ್ಟೆಯನ್ನು ಕೆಳಗೆ ಬಿಟ್ಟ; ಕರಡಿಗಳ ಬೋನು ತೆರೆಯಿತು. ಅವುಗಳ ಜೊತೆ ಸೆಣಸಿದವರಲ್ಲಿ ಇಬ್ಬರು ಮರಳಿನ ಮೇಲೆ ಬಿದ್ದು ಮತ್ತೆ ಏಳಲಿಲ್ಲ. ಜನ ಅವನ ಹೆಸರು ಕೂಗಿ ಕುಣಿದರು. ಅವನು ಮನೆಗೆ ಬಂದವನೇ ಹೆತ್ತ ತಾಯಿಯ ಹತ್ತಿರ ಹೋಗದೆ ಹಾಲೂಡಿಸಿದ ಇವಳ ಮಡಿಲಲ್ಲಿ ಮುಖ ಹುದುಗಿಸಿದ್ದ. ಹೋದ ಸುಗ್ಗಿಯಲ್ಲಿ, ಹಣ್ಣು ಹಣ್ಣು ಮುದುಕನಾಗಿ ಸಾಯುವಾಗ, ಗಂಜಿಯನ್ನೂ ಇವಳೇ ಗುಟುಕು ಗುಟುಕಾಗಿ ಹಾಕಬೇಕಾಗಿದ್ದಾಗ, ಇವಳ ಬೆರಳು ಹಿಡಿದು ಕೇಳಿದ್ದ: "ದಂತ ಕೊಟ್ಟಿದೀನಲ್ಲ, ಆ ಇಗರ್ಜಿಗೆ ಹೋಗು. ಸತ್ತವರ ಸಾಲಲ್ಲಿ ನನ್ನ ಹೆಸರು ಓದಿಸು. ಯಾರಾದ್ರೂ ನನಗೋಸ್ಕರ ಬೇಡ್ಕೊಳ್ಳಲಿ." ಇವಳು ಹೂಂ ಎಂದಿದ್ದಳು.

ಪಾದ್ರಿ ಜೋಸಿಮೋಸ್ ಬಂದು ಹಲಗೆ ತೆರೆದರು. ಒಳಮೈಯಲ್ಲಿ, ಪೂಜೆಯ ಹೊತ್ತು ಓದಿ ಬೇಡಿಕೊಳ್ಳಲೆಂದು ಶಾಯಿಯಲ್ಲಿ ಬರೆದ ಹೆಸರುಗಳು; ಬಲಕ್ಕೆ ಬದುಕಿದ್ದವರು, ಎಡಕ್ಕೆ ಸತ್ತವರು.

"ಎಡಗಡೆ ಒಂದು ಹೆಸರು ಸೇರಿಸ್ಬೇಕು ಸ್ವಾಮಿ. ಪಲ್ಮಾಟಿಯಸ್."

"ಅಯ್ಯೋ, ಯಾವ ಹುಡುಗ ಹೋದ?"

"ಹುಡುಗ ಅಲ್ಲ. ಇವನು." ಹಲಗೆಯನ್ನು ಮಗುಚಿ ಚಿತ್ರ ತೋರಿಸಿದಳು. "ನನ್ನ ಹಾಲು ಕುಡಿದೋನು."

ಪಾದ್ರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸಂತ ಅಲ್ಲ ಅಂತ ಗೊತ್ತಮ್ಮ. ಮೇಲೆ ಕೆತ್ತಿರೋ ಲ್ಯಾಟಿನ್ ನನಗೂ ಓದಕ್ಕೆ ಬರುತ್ತೆ."

"ಗೊತ್ತಿದ್ದೂ ಸುಮ್ನಿದ್ರಾ?"

"ನಾನು ಈ ಊರಿಗೆ ಬರೋ ಹೊತ್ತಿಗೇ ಸಂತ ಆಗಿಬಿಟ್ಟಿದ್ದ. ಈಗ ನಾನು 'ಪಲ್ಮಾಟಿಯಸ್‌ನ ಪಾಪ ಕ್ಷಮಿಸು' ಅಂತ ಓದಿದ್ರೆ, ಹೊರಗೆ ಕೂತಿದಾಳಲ್ಲ, ಅವಳು ಯಾರನ್ನ ನಂಬ್ಕೊಂಡು ನೋವು ತಿನ್ಬೇಕು? ಮೊದಲ ಕೂಸು ಉಳೀಲಿಲ್ಲ ಅವಳಿಗೆ."

"ಇಪ್ಪತ್ತು ವರ್ಷದಿಂದ ಅವನ ಹತ್ರ ಬೇಡ್ಕೊಂಡೇ ಬಂದ್ರಿ. ಅವನಿಗೋಸ್ಕರ ಬೇಡ್ಕೊಳ್ಳೋರು ಒಬ್ರೂ ಇಲ್ವಾ ಸ್ವಾಮಿ?"

ಡೋಮ್ನಿಕಾ ಕಂಬಕ್ಕೊರಗಿ ಕುಳಿತಳು. ಬಾಗಿಲಾಚೆ ಆಂಥೂಸಾ ಹೊಟ್ಟೆಯ ಜೊತೆ ಏನೋ ಮಾತಾಡುತ್ತಿದ್ದಳು. ಮುದುಕಿ ಅದನ್ನೇ ಬಹಳ ಹೊತ್ತು ನೋಡಿದಳು.

"ಪಲ್ಮಾಟಿಯಸ್ ಹಲಗೆ ಹೊರಗೇ ಇರ್ಲಿ ಬಿಡಿ," ಎಂದಳು ಕೊನೆಗೆ. "ಒಳಗೆ ಎಳೆಗರು ಅಂತ ಬರೀರಿ."

"ಎಳೆಗರು?"

"ಹಾಲು ಕುಡಿಯುವಾಗ ಕರು ಥರ ಗುದ್ದೋನು. ನಾನು ಕೂಗ್ತಿದ್ದದ್ದು ಹಾಗೇ."

"ಅಲ್ಲಮ್ಮ, ಅದೂ ಒಂದು ಹೆಸರಾ? ಯಾರು ಅಂತ ದೇವರಿಗೆ ತಿಳೀಬೇಡ್ವಾ?"

"ದಿನಕ್ಕೆ ನೂರು ಸಲ ಕೂಗಿದೀನಿ ಸ್ವಾಮಿ. ಆತನ ಕಿವಿಗೂ ಬಿದ್ದಿರುತ್ತೆ."

ಪಾದ್ರಿ ಲೇಖನಿಯನ್ನು ಶಾಯಿಗೆ ಅದ್ದಿದರು.

ಇಗರ್ಜಿ ತುಂಬಿತು. ಬದುಕಿದ್ದವರ ಹೆಸರು ಮುಗಿದು ಸತ್ತವರ ಸಾಲು ಬಂತು. ಒಂದೊಂದು ಹೆಸರಿಗೂ ಜನ "ಕರ್ತನೇ, ಕರುಣಿಸು" ಎನ್ನುತ್ತ ಹೋದರು. ಎಲ್ಲರಿಗಿಂತ ಕೊನೆಯಲ್ಲಿ ಪಾದ್ರಿ ಓದಿದರು: "ಎಳೆಗರು."

ಯಾರೂ ಏನೂ ಅನ್ನಲಿಲ್ಲ. ಹಿಂದಿನಿಂದೊಂದು ಗಂಡು ದನಿ, "ಯಾರ ಮನೆ ಕರು ಸತ್ತೋಯ್ತೋ?" ಎಂದಿತು. ಒಂದಿಬ್ಬರು ಕಿಸಕ್ಕೆಂದರು. ಡೋಮ್ನಿಕಾ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಳು. ಪಾದ್ರಿ ತಲೆಯೆತ್ತದೆ, ಇನ್ನಷ್ಟು ಗಟ್ಟಿಯಾಗಿ, "ಎಳೆಗರು" ಎಂದರು.

ಆ ಕೈಗಳನ್ನು ಪಕ್ಕದಲ್ಲಿದ್ದ ಆಂಥೂಸಾ ನೋಡಿದಳು. ನೋಡಿ, ಹಿಂದಕ್ಕೆ ತಿರುಗಿ ನಕ್ಕವರನ್ನು ದುರುಗುಟ್ಟಿ, ಇಗರ್ಜಿಯೆಲ್ಲ ಕೇಳುವಂತೆ, "ಕರ್ತನೇ, ಕರುಣಿಸು!" ಎಂದಳು. ಅವಳ ಹಿಂದೆಯೇ ಊರಿಗೆ ಊರೇ ಹೇಳಿತು.

"ಪಾಪ," ಆಂಥೂಸಾ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು. "ತೀರಾ ಎಳೇದಾ ಅಜ್ಜಿ?"

"ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ, ಮಗಳೇ," ಎಂದಳು ಡೋಮ್ನಿಕಾ.