ಸೂಜಿ ದಾಟಿದ ಜಾಕೆಟ್ಟು

ತಂಗಿಯ ಬುಲೆಟ್‌ಪ್ರೂಫ್ ಜಾಕೆಟ್ಟಿನ ಕಿತ್ತುಹೋದ ಪಟ್ಟಿಗೆ ಅಕ್ಕ ಹೊಲಿಗೆ ಹಾಕುತ್ತಿದ್ದಳು. ತಂಗಿ ಬೂಟಿನ ದಾರ ಬಿಗಿಯುತ್ತ, "ಬೇಗ ಮುಗಿಸಕ್ಕ, ಜೀಪು ಬರುತ್ತೆ. ಇವತ್ತು ಆ ಸುಲಿಗೆ ಗ್ಯಾಂಗಿನ ಗೋದಾಮಿಗೇ ನುಗ್ಗೋದು," ಎಂದಳು.

"ನಿಮ್ಮ ದಳದಲ್ಲಿ ಸೂಜಿ ಹಿಡಿಯೋಕೂ ಒಬ್ಬರಿಲ್ವಾ?"

"ಅನುದಾನ ಬಂದ್ರೆ ಹೊಸ ಜಾಕೆಟ್ಟೇ ಬರುತ್ತೆ. ಪಕ್ಕದ ಜಿಲ್ಲೆಯವರಿಗೆ ಬಂದಾಯ್ತು. ನಮ್ಮ ಕಾಗದದ ಮೇಲೆ ಯಾರು ಕೂತಿದಾರೋ."

ಅಕ್ಕ ಇನ್ನೊಂದು ಹೊಲಿಗೆ ಎಳೆದಳು. ಜಿಲ್ಲಾ ಪೊಲೀಸ್ ಕಚೇರಿಯ ಟಪಾಲು ವಿಭಾಗದಲ್ಲಿ ಅವಳು ಗುಮಾಸ್ತೆ. ದಳಕ್ಕೆ ಹಣ ಕೇಳಿ ಸಾಹೇಬರು ಸರ್ಕಾರಕ್ಕೆ ಬರೆದ ಕಾಗದ, ರುಜು ಬಿದ್ದು, ಚಳಿಗಾಲದಿಂದ ಅವಳ ಮೇಜಿನ ಕೆಳಖಾನೆಯಲ್ಲಿ ಮಲಗಿತ್ತು.

ಪೊಲೀಸ್ ಕೆಲಸಕ್ಕೆ ಮೊದಲು ಅರ್ಜಿ ಹಾಕಿದವಳು ಅಕ್ಕನೇ. ಓಟದ ಪರೀಕ್ಷೆಯಲ್ಲಿ ಏದುಸಿರು ಬಿಡುತ್ತ ಕೂತುಬಿಟ್ಟಳು. ಅಂದು ನೀರಿನ ಬಾಟಲಿ ಹಿಡಿದು ಜೊತೆಗೆ ಬಂದಿದ್ದ ತಂಗಿ ಮುಂದಿನ ಸಲ ಓಡಿ ಗೆದ್ದಳು. ಅದನ್ನೂ ಅಕ್ಕ ನುಂಗಿಕೊಂಡಿದ್ದಳು. ಆದರೆ ತಂಗಿಯ ಫೋಟೋ ಪೇಪರಿನಲ್ಲಿ ಬಂದ ದಿನ ಅಮ್ಮ, ಗೋಡೆಯ ಮೇಲಿದ್ದ ಅಕ್ಕನ ಟೈಪಿಂಗ್ ಸರ್ಟಿಫಿಕೇಟನ್ನು ಚೌಕಟ್ಟಿನಿಂದ ತೆಗೆದು ಆ ಜಾಗಕ್ಕೆ ಫೋಟೋ ಸೇರಿಸಿದಳು. "ಅಳತೆ ಸರಿಹೋಯ್ತು ನೋಡೇ," ಎಂದಳು. ಕಾಗದ ಖಾನೆ ಸೇರಿದ್ದು ಮರುದಿನ.

ಪಟ್ಟಿಯ ಬುಡ ಸೇರಿಸುವಾಗ ಸೂಜಿ ಜಾಕೆಟ್ಟಿನ ಎದೆ ಹೊಕ್ಕು ಸಲೀಸಾಗಿ ಆಚೆ ಬಂತು. ಅಕ್ಕ ಇನ್ನೊಂದು ಕಡೆ ಚುಚ್ಚಿದಳು. ಮತ್ತೆ ಹಾಗೇ. ಸೂಜಿಯ ತುದಿಗೆ ನೀಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

"ಇದರೊಳಗಿನ ಉಕ್ಕಿನ ಪ್ಲೇಟು ಎಲ್ಲೇ?"

"ಇಡೀ ದಳಕ್ಕೆ ಇರೋದೇ ಒಂದು ಜೊತೆ. ಡ್ರೈವರಣ್ಣಂಗೆ ಮೊನ್ನೆ ಮಗು ಆಯ್ತಲ್ಲ, ಅವನಿಗೆ ಕೊಟ್ವಿ. ನಂದಕ್ಕೆ ನಿನ್ನ ಹಳೇ ಸ್ವೆಟರ್ ಮಡಚಿ ತುರುಕಿದೀನಿ. ದಪ್ಪ ಕಂಡ್ರೆ ಸಾಕು, ಎದುರಿಗಿರೋರು ಹೆದರ್ತಾರೆ." ತಂಗಿ ನಕ್ಕಳು. "ಚಿಕ್ಕವಳಿದ್ದಾಗಿಂದ ನಿನ್ನ ಹಳೇದೇ ತಾನೇ ನಂಗೆ."

ಹೊರಗೆ ಜೀಪಿನ ಹಾರನ್ ಕೇಳಿತು. ಅಕ್ಕ ದಾರ ಕಡಿಯುವ ಮೊದಲೇ ತಂಗಿ ಜಾಕೆಟ್ಟು ಎಳೆದುಕೊಂಡು ಓಡಿದಳು.

ಅಕ್ಕ ಕಚೇರಿಗೆ ಹೋದವಳೇ ಖಾನೆ ಎಳೆದಳು. ಟಪಾಲಿನ ಚೀಲ ಹಿಡಿದು ನಿಂತಿದ್ದ ಜವಾನ ಕಾಗದ ನೋಡಿ, "ಮೇಡಂ, ಇದು ಹಳೇ ತಾರೀಖಿಂದು. ಇಷ್ಟು ದಿನ ಎಲ್ಲಿತ್ತು ಅಂತ ಕೇಳ್ತಾರೆ," ಎಂದ.

"ಕೇಳಿದ್ರೆ ನನ್ನ ಹೆಸರೇ ಹೇಳು."

ಕಳೆದ ಚಳಿಗಾಲದ ಆ ತಾರೀಖಿನ ಪಕ್ಕದಲ್ಲಿ ಅವಳು ಮೊಹರು ಒತ್ತಿದಳು. ಹಸಿ ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಮೂಡಿತು.